ಕಾಲು ಉಳುಕಿದ ಮೇಲೆ ಬರೆದದ್ದು

ಕಳೆದ ಮಳೆಗಾಲದಲ್ಲಿ ಪುಣೆಯ ನಮ್ಮ ಸೊಸೈಟಿಯ ಮೆಟ್ಟಿಲ ಮೇಲೆ ಜಾರಿ ಬಿದ್ದೆ. ಬಲಗಾಲು ಉಳುಕಿ ಮೂರು ವಾರ ಮನೆಯಿಂದಲೇ ಕೆಲಸ. ಬಿಡುವು ಸಿಕ್ಕಿತಲ್ಲ ಎಂದು ಅದನ್ನೇ ಒಂದು ಲಲಿತ ಪ್ರಬಂಧವಾಗಿ ಬರೆದೆ. ಗೆಳೆಯರು ಓದಿ ನಕ್ಕರು. ಈಚೆಗೆ ಮತ್ತೆ ಓದಿದಾಗ ನನಗೇ ನಗು ಬರಲಿಲ್ಲ. ಯಾಕೆ ಎಂದು ಯೋಚಿಸಿದ್ದರ ಫಲ ಈ ಬರಹ.

ಬಿದ್ದದ್ದು, ಕೈ ಸುಟ್ಟುಕೊಂಡದ್ದು, ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡದ್ದು ಕನ್ನಡದ ಹಗುರ ಬರಹಕ್ಕೆ ಹೊಸ ಸರಕೇನಲ್ಲ. ಎ.ಎನ್. ಮೂರ್ತಿರಾವ್, ಗೊರೂರು ಮೊದಲಾದವರು ತಮ್ಮನ್ನೇ ನಗೆಗೆ ಒಡ್ಡಿಕೊಳ್ಳುವ ದಾರಿ ಹಾಕಿಕೊಟ್ಟರು. 1942ರಲ್ಲಿ ರಾಶಿಯವರು ಆರಂಭಿಸಿದ ‘ಕೊರವಂಜಿ’ ಇಂಥ ನಗೆಗೆ ಮನೆಯಾಯಿತು, ಟಿ. ಸುನಂದಮ್ಮ ಅಲ್ಲಿ ಬರೆದರು. ಅದೇ ದಾರಿ ಹಿಡಿದ ನಾನು ಎರಡು ಕಡೆ ಎಡವಿದ್ದೇನೆ.

ಮೊದಲನೆಯದು ಭಾಷೆ. ವರ್ಜೀನಿಯಾ ವುಲ್ಫ್ 1926ರ ‘ಆನ್ ಬೀಯಿಂಗ್ ಇಲ್’ ಪ್ರಬಂಧದಲ್ಲಿ, ಇಂಗ್ಲಿಷಿಗೆ ತಲೆನೋವನ್ನು ಹೇಳುವ ಪದಗಳಿಲ್ಲ ಎಂದು ದೂರುತ್ತಾರೆ. ಕನ್ನಡಕ್ಕೆ ಆ ಬಡತನವಿಲ್ಲ. ಆದರೂ ಡಾಕ್ಟರು ಹತ್ತಕ್ಕೆ ಎಷ್ಟು ನೋವು ಎಂದಾಗ ಏಳು ಎಂದೆ. ಪ್ರಬಂಧದಲ್ಲಿ ‘ವಿಪರೀತ ನೋವು’ ಎಂದು ಬರೆದು ಮುಂದೆ ಹೋದೆ. ಹಾಸನದಿಂದ ಫೋನು ಮಾಡಿದ ಅಮ್ಮ ಕೇಳಿದ್ದು ಬೇರೆ: “ಸೆಳೀತಿದ್ಯಾ, ಚುಚ್ಚತ್ತಾ, ಜೋಮು ಹಿಡ್ದಿದ್ಯಾ?” ಉತ್ತರ ಕೊಡಲು ನಾನು ಕಾಲಿನ ಕಡೆ ನಿಜವಾಗಿ ಗಮನ ಕೊಡಬೇಕಾಯಿತು. ನನ್ನ ನಾಲ್ಕು ಪುಟದಲ್ಲಿ ಇಲ್ಲದ ಬರವಣಿಗೆ ಆ ಒಂದು ಪ್ರಶ್ನೆಯಲ್ಲಿತ್ತು.

ಎರಡನೆಯದು ನೀತಿಗೆ ಹಾರುವ ಆತುರ. ಸರ್ವರ್ ಬಿದ್ದರೆ ಕಾರಣ ಬರೆದು, ಪರಿಹಾರ ಬರೆದು ಟಿಕೆಟ್ ಮುಚ್ಚುವುದು ನನ್ನ ಕಸುಬು. ಪ್ರಬಂಧವನ್ನೂ ಹಾಗೇ ಮುಚ್ಚಿದ್ದೆ: ಮಹಾನಗರದಲ್ಲಿ ನಿಧಾನವಾಗಿ ನಡೆಯುವುದನ್ನು ಕಲಿಯಬೇಕು ಎಂದು. ಕಾರಣದ ಜಾಗದಲ್ಲಿ ಮೆಟ್ಟಿಲು ಒರೆಸಿದ್ದ ಹೆಂಗಸು ಇದ್ದರು. ನಾವೆಲ್ಲ ‘ಮಾವಶಿ’ ಎಂದಷ್ಟೇ ಕರೆಯುತ್ತಿದ್ದವರು. ಅವರ ಬಕೆಟ್ಟು, ಅವರ ಗಾಬರಿ, ಅವರು ಮರಾಠಿಯಲ್ಲಿ ಕೂಗಿದ್ದು ಎಲ್ಲವನ್ನೂ ನಗೆಗೆ ಬಳಸಿದ್ದೆ. ಅಂದು ಸಂಜೆ ನಾನು ಸೊಸೈಟಿಯ ಗ್ರೂಪಿನಲ್ಲಿ ದೂರು ಹಾಕಿದ್ದನ್ನು ಬರೆದಿರಲಿಲ್ಲ. ಮುಂದಿನ ವಾರ ಅವರ ಬದಲು ಇನ್ನೊಬ್ಬರು ಬಂದದ್ದನ್ನೂ ಬರೆದಿರಲಿಲ್ಲ. ಬರೆಯುವಾಗ ಎರಡೂ ಗೊತ್ತಿತ್ತು. ಹಾಸ್ಯ ಕೆಡುತ್ತದೆ ಎಂದು ಬಿಟ್ಟೆ.

ಪೆಟ್ಟು ಬಿದ್ದರೆ ಬರಹಕ್ಕೆ ಸ್ಫೂರ್ತಿ ಸಿಗುತ್ತದೆ ಎನ್ನುತ್ತೇವೆ. ನನಗೆ ಸಿಕ್ಕಿದ್ದು ವಸ್ತು ಮತ್ತು ಮೂರು ವಾರದ ಬಿಡುವು, ಅಷ್ಟೇ. ಆ ಹಿರಿಯರು ತಾವು ಬಿದ್ದು ತಮ್ಮನ್ನೇ ನಕ್ಕರು. ನಾನು ಬಿದ್ದು ಇನ್ನೊಬ್ಬರನ್ನು ನಕ್ಕೆ. ಇಂಥ ಬರಹ ಓದುವಾಗ ಈಗ ಮೊದಲು ನೋಡುವುದು ಇದನ್ನೇ: ಬಿದ್ದವರು ಯಾರು, ಏಟು ತಗಲಿದ್ದು ಯಾರಿಗೆ?

ಕಾಲು ವಾಸಿಯಾಗಿದೆ. ಪ್ರಬಂಧವನ್ನು ಮತ್ತೆ ಬರೆಯಲು ಕೂತಿದ್ದೇನೆ. ಮೊದಲ ಸಾಲಿನಲ್ಲೇ ಅವರ ಹೆಸರು ಬೇಕು. ಅದು ನನಗೆ ಗೊತ್ತಿಲ್ಲ.