ಪದ್ಮಿನಿಯ ಬಾಗಿಲ ತಳ

ಹಳೆಯ ಕಾರುಗಳ ರ‍್ಯಾಲಿಗಳಲ್ಲಿ ‘ಫುಲ್ ರಿಸ್ಟೋರೇಶನ್’ ಎಂಬ ಮಾತಿಗೆ ಸಿಗುತ್ತಿರುವ ಮರ್ಯಾದೆ ಅತಿಯಾಯಿತು. ಬಣ್ಣದ ಹೊಳಪು, ಕ್ರೋಮ್ ಬಂಪರು, ಸೀಟಿನ ಹೊಲಿಗೆ ನೋಡಿ ಬಹುಮಾನ ಕೊಡುತ್ತಾರೆ, ಹೊಗಳಿ ಬರೆಯುತ್ತಾರೆ. ತಗಡಿನ ಕೆಲಸದ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಕಾರು ಉಳಿಯುತ್ತದೋ ಇಲ್ಲವೋ ತೀರ್ಮಾನವಾಗುವುದು ಮಾತ್ರ ಅಲ್ಲೇ. ಹೀಗೆ ಮೆರೆಯುವ ಎಷ್ಟೋ ಕಾರುಗಳ ತುಕ್ಕು ವಾಸಿಯಾಗಿಲ್ಲ, ಮರೆಯಾಗಿದೆ ಅಷ್ಟೇ.

ತುಕ್ಕು ಏಕೆ ಹಿಡಿಯುತ್ತದೆಂದು ಕರಾವಳಿಯ ಉಪ್ಪುಗಾಳಿ ಕಂಡವರಿಗೆ ವಿವರಿಸಬೇಕಿಲ್ಲ. ನೋಡಬೇಕಾದ ಜಾಗ ಒಂದೇ: ಬಾಗಿಲಿನ ತಳದ ಅಂಚು. 1964ರಲ್ಲಿ ಫಿಯಟ್ 1100 ಡಿಲೈಟ್ ಆಗಿ ಬಂದು, ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾದ ಕಾರನ್ನೇ ತೆಗೆದುಕೊಳ್ಳಿ. ಬಾಗಿಲಿನ ಹೊರತಗಡು ಕೆಳಗೆ ಒಳಚೌಕಟ್ಟಿನ ಅಂಚನ್ನು ಸುತ್ತಿ ಮಡಚಿಕೊಂಡಿರುತ್ತದೆ. ಗಾಜಿನ ರಬ್ಬರಿನ ಸಂದಿಯಲ್ಲಿ ಇಳಿದ ಮಳೆನೀರು ತಳದ ತೂತುಗಳಿಂದ ಹೊರಗೆ ಹೋಗಬೇಕು. ಧೂಳು, ತರಗೆಲೆ ಸೇರಿ ತೂತು ಕಟ್ಟಿಕೊಂಡರೆ ನೀರು ಮಡಿಕೆಯೊಳಗೆ ಸೇರಿ ನಿಲ್ಲುತ್ತದೆ. ತುಕ್ಕಾದ ಕಬ್ಬಿಣಕ್ಕೆ ಮೊದಲಿಗಿಂತ ಹೆಚ್ಚು ಜಾಗ ಬೇಕು. ಮಡಿಕೆ ಉಬ್ಬಿ ಬಣ್ಣ ಬಿರಿಯುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ತಗಡು ಸವೆದುಹೋಗಿರುತ್ತದೆ.

ಮಾಮೂಲಿ ಟಿಂಕರಿಂಗ್ ಇಲ್ಲಿ ಮಾಡುವುದೇನು? ತುಕ್ಕು ತಿಂದ ತೂತಿನ ಮೇಲೆ ಹೊಸ ತುಂಡು ಹೊದಿಸಿ, ಸುತ್ತ ಗ್ಯಾಸ್ ವೆಲ್ಡಿಂಗ್ ಮಾಡಿ, ಏರುತಗ್ಗಿಗೆ ಪುಟ್ಟಿ ಬಳಿದು ಉಜ್ಜುತ್ತಾರೆ. ಹೊರಗಿನಿಂದ ಯಾವ ದೋಷವೂ ಕಾಣದು. ಒಳಗೆ ಬೆರಳಾಡಿಸಿ ನೋಡಿ. ಹಳೆಯ ತಗಡಿನ ತಿಂದುಹೋದ ಅಂಚು ಹಾಗೇ ಇದೆ; ಅದಕ್ಕೂ ಹೊಸ ತುಂಡಿಗೂ ನಡುವೆ ಸಂದಿಯಿದೆ; ಸುತ್ತಲಿನ ಬಣ್ಣ ಬೆಸುಗೆಯ ಬಿಸಿಗೆ ಸುಟ್ಟಿದೆ. ಬಾಗಿಲು ಕೆಟ್ಟದ್ದೇ ಎರಡು ತಗಡುಗಳ ನಡುವೆ ನೀರು ನಿಂತು. ರಿಪೇರಿ ಅಂಥದೇ ಸಂದಿಯನ್ನು ತುಸು ಮೇಲೆ ಮತ್ತೊಮ್ಮೆ ಕಟ್ಟಿಕೊಟ್ಟಿದೆ. ಪುಟ್ಟಿ ತೇವ ಹೀರುವ ವಸ್ತು. ಹಿಂದಿನಿಂದ ಬರುವ ನೀರನ್ನು ಅದು ತಡೆಯಲಾರದು. ಕೆಲವು ಮಳೆಗಾಲ ಕಳೆದರೆ ಗುಳ್ಳೆ ಮತ್ತೆ ಏಳುತ್ತದೆ.

ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಅಳತೆಯ ತುಂಡನ್ನು ಅಂಚಿಗೆ ಅಂಚು ಕೂಡಿಸಿ ಬೆಸೆಯುವುದೇ ಸರಿಯಾದ ದಾರಿ. ಇದನ್ನು ಒಪ್ಪದವರ ವಾದ ಎರಡು. ಒಂದು, ಇಷ್ಟು ತೆಳು ತಗಡು ಬಿಸಿಗೆ ಸೊಟ್ಟಗಾಗುತ್ತದೆ. ಇನ್ನೊಂದು, ಕಾರ್ಖಾನೆಯೇ ತಗಡಿನ ಮೇಲೆ ತಗಡಿಟ್ಟು ಬೆಸೆದಿರುವಾಗ ನಮಗೇಕೆ ಮಡಿ? ಎರಡನೆಯದು ಬಾಗಿಲ ತಳದಲ್ಲೇ ಬಿದ್ದುಹೋಗುತ್ತದೆ. ಈ ಕಾರುಗಳಿಗೆ ತುಕ್ಕು ಹತ್ತುವುದೇ ಕಾರ್ಖಾನೆಯ ಅಂಥ ಜೋಡಣೆಗಳಲ್ಲಿ. ಮೊದಲನೆಯದು ಕೈಚಳಕದ ಮಾತು. ಬೆಸುಗೆಯ ಒಂದು ಚುಕ್ಕೆ ಇಲ್ಲಿ ಹಾಕಿದರೆ ಮುಂದಿನದನ್ನು ದೂರದಲ್ಲಿ ಹಾಕಬೇಕು, ನಡುವೆ ಆರಲು ಬಿಡಬೇಕು. ಬೆಸುಗೆ ಆರುತ್ತ ಕುಗ್ಗಿ ತಗಡನ್ನು ಎಳೆದರೆ, ಹಿಂದೆ ಡಾಲಿ ಎಂಬ ಉಕ್ಕಿನ ಗಟ್ಟಿ ಹಿಡಿದು ಬೆಸುಗೆಯ ಗೆರೆಯನ್ನೇ ಸುತ್ತಿಗೆಯಿಂದ ತಟ್ಟಿ ಹಿಗ್ಗಿಸಬೇಕು. ಒಂದೇ ಸಮನೆ ಉದ್ದಕ್ಕೂ ಬೆಸೆದು, ಸೊಟ್ಟಗಾಯಿತೆಂದು ವಿಧಾನವನ್ನು ದೂರುವುದು ನ್ಯಾಯವಲ್ಲ. ರಸ್ಟ್ ಕನ್ವರ್ಟರ್ ಬಳಿದರೆ ಸಾಕೆಂದು ಬರೆಯುವವರಿಗೂ ಇದೇ ಉತ್ತರ: ಅದು ಮೇಲಿನ ತುಕ್ಕಿಗೆ ಸರಿ, ಹೋದ ತಗಡನ್ನು ತಂದುಕೊಡದು.

ಪುಟ್ಟಿಯೇ ಬೇಡವೆನ್ನಲಾರೆ, ಸಣ್ಣ ತಗ್ಗಿಗೆ ತೆಳುವಾಗಿ ಬೇಕು. ಗ್ಯಾಸ್ ಬೆಸುಗೆಯೂ ಸುತ್ತಿಗೆಗೆ ಚೆನ್ನಾಗಿ ಬಗ್ಗುತ್ತದೆ, ಪಳಗಿದ ಕೈಗೆ ಅದೇ ಸಾಕು. ಹಾಗಿದ್ದೂ ಸಂದಿ ಬಿಟ್ಟ ಕೆಲಸವನ್ನು ರಿಪೇರಿ ಎನ್ನಲು ಬಾರದು.

ಬಹುಮಾನ ಕೊಡುವವರು ಬಣ್ಣ ಬಳಿಯುವ ಮೊದಲಿನ ಫೋಟೊ ಕೇಳಲಿ, ಬಾಗಿಲಿನ ಒಳಹಲಗೆ ಬಿಚ್ಚಿಸಿ ನೋಡಲಿ. ಫಲಕದ ಮೇಲೆ ಮಾಲೀಕರ ಹೆಸರಿನ ಜೊತೆಗೆ ಟಿಂಕರ್ ಹೆಸರೂ ಇರಲಿ. ಕೆಲಸಕ್ಕೆ ಹೆಸರು ಅಂಟಿಕೊಂಡರೆ ಸಂದಿ ಮುಚ್ಚಿಟ್ಟು ಕಾರು ಕೊಡಲು ಕೈ ಬರುವುದಿಲ್ಲ.