‘ಎಲ್ಲರ ಮನೇಲೂ ಗಾಡಿ ಇದ್ಯಲ್ಲ’

ಅಡ್ಡಗದ್ದೆ ಕಡೆ ಹೊಸದಾಗಿ ಮನೆ ಮಾಡಿದವರಿಗೆ ಸಿಗುವ ಮೊದಲ ಸಲಹೆ ನೀರಿನದ್ದಲ್ಲ, ಸೌದೆಯದ್ದೂ ಅಲ್ಲ. ‘ಮೊದ್ಲು ಒಂದು ಗಾಡಿ ತಗೊಳ್ಳಿ’ ಅನ್ನುತ್ತಾರೆ. ಬಸ್ಸಿನ ಮಾತೆತ್ತಿದರೆ, ‘ಎಂತಕ್ಕೆ ಮಾರಾಯ್ರೆ, ಈಗ ಎಲ್ಲರ ಮನೇಲೂ ಗಾಡಿ ಇದ್ಯಲ್ಲ’ ಎಂದು ಅಲ್ಲಿಗೇ ಮುಗಿಸುತ್ತಾರೆ. ಶೃಂಗೇರಿ, ಕೊಪ್ಪ, ಎನ್.ಆರ್.ಪುರ ಮೂರೂ ತಾಲ್ಲೂಕಿನಲ್ಲಿ ಈ ಮಾತನ್ನು ಕೇಳಿದ್ದೇನೆ. ಹೇಳುವವರು ಹೆಚ್ಚಾಗಿ ಗಾಡಿಯ ಕೀಲಿ ಜೇಬಿನಲ್ಲಿ ಇಟ್ಟುಕೊಂಡವರೇ.

ಗಾಡಿ ಮನೆಯಲ್ಲಿ ಇರುವುದು ರಾತ್ರಿ ಹೊತ್ತು. ಬೆಳಿಗ್ಗೆ ಎಂಟಕ್ಕೆ ಯಜಮಾನ ಅದನ್ನು ಹತ್ತಿಕೊಂಡು ಹೋದ ಮೇಲೆ ಉಳಿಯುವವರು ಮಾತ್ರೆ ಮುಗಿದಿರುವ ಅಜ್ಜಿ, ಸಂಘದ ಕಂತು ಕಟ್ಟಬೇಕಾದ ಸೊಸೆ, ಬೆನ್ನಿಗೆ ಬ್ಯಾಗು ಹಾಕಿಕೊಂಡ ಹೈಸ್ಕೂಲು ಹುಡುಗಿ. ನಮ್ಮಲ್ಲಿ ಮನೆಗಳು ಒತ್ತೊತ್ತಾಗಿಲ್ಲ, ತೋಟಕ್ಕೊಂದು, ಗುಡ್ಡಕ್ಕೊಂದು. ಪಕ್ಕದ ಮನೆಯವರ ಗಾಡಿ ಕೇಳೋಣ ಅಂದರೆ ಪಕ್ಕದ ಮನೆಯೇ ಅರ್ಧ ಮೈಲಿ. ಆಟೋ ಕರೆಸಿದರೆ ಕೂಲಿಯವರಿಗೆ ಆ ದಿನದ ದುಡಿಮೆಯಲ್ಲಿ ದೊಡ್ಡ ಪಾಲು ಅದಕ್ಕೇ ಹೋಯಿತು. ಇನ್ನು ಆಷಾಢದ ಮಳೆಯಲ್ಲಿ ಸ್ಕೂಟರಿನ ಹಿಂದೆ ಮಗುವನ್ನು ಕೂರಿಸಿಕೊಂಡು, ಪಾಚಿ ಕಟ್ಟಿದ ಇಳಿಜಾರಿನಲ್ಲಿ ಬ್ರೇಕು ಹಿಡಿದು ನೋಡಿದವರಿಗೆ ಗಾಡಿಯ ಸುಖ ಏನೆಂದು ಗೊತ್ತು.

ಈ ಸೀಮೆಯಲ್ಲಿ ಬಸ್ಸಿನ ಮಾತು ಬಂದರೆ ‘ಸಹಕಾರ ಸಾರಿಗೆ’ಯನ್ನು ನೆನೆಯದೆ ಇರಲಾಗದು. ಕೊಪ್ಪದ ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿ ನಿಂತುಹೋದಾಗ ಅಲ್ಲಿನ ಕಾರ್ಮಿಕರೇ ಸೇರಿ 1991ರಲ್ಲಿ ಸಹಕಾರ ಸಂಘ ಕಟ್ಟಿ, ಆರು ಬಸ್ಸುಗಳಿಂದ ಶುರು ಮಾಡಿದರು. ಅದು ಬೆಳೆದು ಎಪ್ಪತ್ತರ ಆಚೆ ಹೋಯಿತು. ಟಿಕೆಟ್ ಹರಿಯುವವನೇ ಷೇರುದಾರ, ಸ್ಟೇರಿಂಗ್ ಹಿಡಿದವನೂ ಷೇರುದಾರ. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಇತ್ತು. ಕಂಡಕ್ಟರ ಕೈಗೆ ಡಾಕ್ಟರ ಚೀಟಿ ಮತ್ತು ದುಡ್ಡು ಕೊಟ್ಟರೆ ಸಂಜೆಯ ಟ್ರಿಪ್ಪಿನಲ್ಲಿ ಔಷಧಿ ಬರುತ್ತಿತ್ತು. ಗಡಿಯಾರ ನೋಡದೆ ಬಸ್ಸಿನ ಹಾರನ್ನು ಕೇಳಿ ಅಕ್ಕಿ ತೊಳೆಯಲು ಏಳುತ್ತಿದ್ದ ಹೆಂಗಸರಿದ್ದರು.

2020ರ ಫೆಬ್ರವರಿಯಲ್ಲಿ ಅದು ನಿಂತಿತು. ‘ಡ್ರೈವರು, ಕಂಡಕ್ಟರು ಮಾಲೀಕರಾದ್ರೆ ಹಿಂಗೇ ಆಗೋದು’ ಎಂದು ಆಗ ಬುದ್ಧಿವಂತರು ಹೇಳಿದರು, ಈಗಲೂ ಹೇಳುತ್ತಾರೆ. ಸಂಘದ ಕಡೆ ತಪ್ಪೇ ಇರಲಿಲ್ಲ ಎಂದು ನಾನೂ ಹೇಳಲಾರೆ. ಆದರೆ ಸುಮಾರು 29 ವರ್ಷ ಓಡಿದ್ದನ್ನು ಬಿಟ್ಟು ನಿಂತದ್ದನ್ನು ಮಾತ್ರ ಪುರಾವೆ ಮಾಡಿಕೊಂಡರೆ ಹೇಗೆ? ಡೀಸೆಲ್, ತೆರಿಗೆ, ವಿಮೆ ಇವು ಮಾಲೀಕ ಯಾರೆಂದು ಕೇಳಿ ಏರುವುದಿಲ್ಲ.

ಇನ್ನೊಂದು ಸಂಗತಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಬಸ್ಸು ನಿಂತ ಮರುತಿಂಗಳೇ ಲಾಕ್‌ಡೌನ್ ಬಂತು. ಶಾಲೆಗೆ ಬೀಗ, ಸಂತೆಗೆ ಬೀಗ, ಮದುವೆಗೂ ಜನ ಇಲ್ಲ. ಯಾರೂ ಎಲ್ಲಿಗೂ ಹೋಗದ ವರ್ಷವನ್ನು ನೋಡಿ ‘ನೋಡಿ, ಬಸ್ಸಿಲ್ಲದೇನೂ ನಡೀತಲ್ಲ’ ಎಂದು ತೀರ್ಮಾನ ಮಾಡಿಬಿಟ್ಟೆವು. ಶಾಲೆ ತೆರೆಯುವ ಹೊತ್ತಿಗೆ ಕೈಲಾದವರು ಸಾಲ ಮಾಡಿ ಗಾಡಿ ತಂದಿದ್ದರು, ಕೈಲಾಗದವರು ಸುಮ್ಮನಾಗಿದ್ದರು.

‘ಮಧ್ಯಾಹ್ನದ ಬಸ್ಸು ಖಾಲಿ ಓಡುತ್ತೆ’ ಎಂಬ ಆಕ್ಷೇಪವೂ ಇದೆ. ಖಾಲಿ ಓಡುವುದು ಹೌದು. ಆದರೆ ಒಂದೂವರೆಗೆ ವಾಪಸ್ ಬರಲು ಬಸ್ಸಿದೆ ಎಂಬ ಧೈರ್ಯದಲ್ಲೇ ಅಜ್ಜಿ ಬೆಳಿಗ್ಗೆ ಆಸ್ಪತ್ರೆಗೆ ಹೊರಡುವುದು. ಆ ಟ್ರಿಪ್ಪು ಕಿತ್ತರೆ ಬೆಳಗಿನದರಲ್ಲೂ ಒಂದು ಸೀಟು ಖಾಲಿ. ಹೀಗೇ ಒಂದೊಂದೇ ಟ್ರಿಪ್ಪು ಕಿತ್ತು, ಕೊನೆಗೆ ‘ಈ ಲೈನಲ್ಲಿ ಜನವೇ ಇಲ್ಲ’ ಎನ್ನುವುದು ನಾವೇ ಬಾವಿ ಮುಚ್ಚಿ ಯಾರೂ ನೀರಿಗೆ ಬರುತ್ತಿಲ್ಲ ಎಂದ ಹಾಗೆ.

2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಒಳ್ಳೆಯದೇ. ಮೊದಲಿನಿಂದ ಖಾಸಗಿ ಬಸ್ಸನ್ನೇ ನಂಬಿದ ಮಲೆನಾಡಿನ ಒಳದಾರಿಗಳಲ್ಲಿ ಆ ಉಚಿತ ಟಿಕೆಟನ್ನು ಹರಿದು ಕೊಡಲು ಬಸ್ಸು ಬರಬೇಕಷ್ಟೆ. ಹೊಸಬರು ನನ್ನನ್ನು ಕೇಳಿದರೆ, ಜಾಗ ಕೊಳ್ಳುವ ಮೊದಲು ಆ ರಸ್ತೆಯಲ್ಲಿ ಎರಡು ದಿನ ಗಾಡಿಯಿಲ್ಲದೆ ಓಡಾಡಿ ನೋಡಿ ಎನ್ನುತ್ತೇನೆ. ದಲ್ಲಾಳಿಗಳಿಗೆ ಈ ಸಲಹೆ ಹಿಡಿಸುವುದಿಲ್ಲ.

ನನ್ನ ಹತ್ತಿರವೂ ಸ್ಕೂಟರಿದೆ. ಮೊನ್ನೆ ಮಳೆಯಲ್ಲಿ ಕೊಡೆ ಹಿಡಿದು ನಡೆಯುತ್ತಿದ್ದ ಹುಡುಗನೊಬ್ಬನನ್ನು ಹತ್ತಿಸಿಕೊಂಡೆ. ಶಾಲೆಯ ಗೇಟಿನ ಹತ್ತಿರ ಇಳಿದವನು, ಕೊಡೆಯ ನೀರು ಕೊಡವುತ್ತಾ ಕೇಳಿದ: ‘ನಾಳೆ ಎಷ್ಟೊತ್ತಿಗೆ ಬರ್ತೀರಿ?’