ಬೈಲುಗದ್ದೆಯೂ ಪಕ್ಷಿಧಾಮವೇ

ಪಕ್ಷಿ ನೋಡುವ ಹವ್ಯಾಸವಿದ್ದವರಿಗೆ ರಂಗನತಿಟ್ಟಿನ ಪರಿಚಯ ಬೇಕಿಲ್ಲ. ಮೈಸೂರಿನ ಮಗ್ಗುಲಲ್ಲೇ ಇರುವ ಈ ಧಾಮಕ್ಕೆ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ರಕ್ಷಣೆ ದೊರೆಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್‌ಸಾರ್ ಮನ್ನಣೆಯೂ ಬಂತು. ಆದರೆ ಅಲ್ಲಿನ ನಡುಗಡ್ಡೆಗಳು ಉಂಟಾದದ್ದು 17ನೇ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಅಣೆಯಿಂದ. ಗೂಡು ಕಟ್ಟಿದ ಕೊಕ್ಕರೆ, ಬೆಳ್ಳಕ್ಕಿಗಳು ಮರಿಗಳಿಗೆ ಗುಟುಕು ಹುಡುಕುವುದು ನದಿಯಲ್ಲಷ್ಟೇ ಅಲ್ಲ, ಸುತ್ತಲಿನ ನಾಲೆ, ಗದ್ದೆಗಳಲ್ಲೂ. ಬೇಲಿಯೊಳಗಿನ ಧಾಮ ಬದುಕಿರುವುದು ಬೇಲಿಯಾಚೆಯ ಬೇಸಾಯದ ಆಸರೆಯಲ್ಲಿ. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ನಾವು ಇದನ್ನು ಗಮನಿಸಬೇಕು. ಹೊಸ ಧಾಮ ಕೇಳುವ ಮೊದಲು ನಮ್ಮ ಬೈಲುಗದ್ದೆ ಉಳಿಸಿಕೊಳ್ಳಬೇಕು.

ಎತ್ತರದ ಬೆಟ್ಟು, ನಡುವಿನ ಮಜಲು ಗದ್ದೆಗಳನ್ನು ದಾಟಿ ಇಳಿದ ಮಳೆನೀರು ನಿಲ್ಲುವುದು ತಗ್ಗಿನ ಬೈಲಿನಲ್ಲಿ. ಮುಂಗಾರಿನ ಏಣೆಲು ನಾಟಿಗೆ ಗದ್ದೆ ಉತ್ತರೆ ಮಗುಚಿದ ಕೆಸರಿನ ಹಿಂದೆಯೇ ಬೆಳ್ಳಕ್ಕಿಗಳು ಇಳಿಯುತ್ತವೆ. ಹುಣಿಯ ಮೇಲೆ ಕತ್ತು ಕುಗ್ಗಿಸಿ ಕೂತ ಕೊಳದ ಬಕ ಮಣ್ಣಿನ ಹೆಂಟೆಯಂತೆಯೇ ಕಾಣುತ್ತದೆ. ಏಡಿಯೋ ಕಪ್ಪೆಮರಿಯೋ ಮಿಸುಕಿದರೆ ಕೊಕ್ಕು ಚಾಚುತ್ತದೆ, ಹಾರಿದಾಗ ಮಾತ್ರ ರೆಕ್ಕೆಯ ಅಚ್ಚ ಬಿಳುಪು ಬಯಲಾಗುತ್ತದೆ. ಇಷ್ಟು ಜೀವ ಸಾಕುವ ನೆಲಕ್ಕೆ ಜೌಗುಪ್ರದೇಶವೆಂಬ ಕಾನೂನಿನ ಆಸರೆ ಇಲ್ಲ. 2017ರ ಜೌಗುಪ್ರದೇಶ ನಿಯಮಗಳು ಭತ್ತದ ಗದ್ದೆಯನ್ನೂ, ನೀರಾವರಿಗೆ, ಕುಡಿಯುವ ನೀರಿಗೆ ಮನುಷ್ಯರು ಕಟ್ಟಿದ ಕೆರೆಗಳನ್ನೂ ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಮನುಷ್ಯ ನಿರ್ಮಿತ ಎಂಬುದೇ ಅಡ್ಡಿಯಾದರೆ ರಂಗನತಿಟ್ಟಿನ ಅಣೆಯನ್ನು ಕಟ್ಟಿದವರು ಯಾರು?

ಮಣಿಪಾಲಕ್ಕೆ ಮಣ್ಣಪಳ್ಳದ ಕೆರೆ, ಕಾರ್ಕಳಕ್ಕೆ ಆನೆಕೆರೆ ಇರುವಾಗ ಗದ್ದೆಯ ಚಿಂತೆ ಏಕೆ ಎನ್ನುವವರಿದ್ದಾರೆ. ಮುಳುಗಿ ಮೀನು ಹಿಡಿಯುವ ನೀರುಕಾಗೆಗೆ ಆಳದ ಕೆರೆ ಸಾಕು. ಕೆಸರು ಕೆದಕುವ ಉಲ್ಲಂಕಿಗೆ ಬೇಕಾದದ್ದು ಕಾಲು ಮುಳುಗುವಷ್ಟೇ ನೀರು. ಒಂದರ ಕೊರತೆಯನ್ನು ಇನ್ನೊಂದು ತುಂಬದು. ಗದ್ದೆಗೆ ಕೀಟನಾಶಕ ಬೀಳುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ವಿಷದ ಬಳಕೆಯನ್ನು ಮುಂದಿನ ಬೆಳೆಗೇ ಕಡಿಮೆ ಮಾಡಬಹುದು. ಮಣ್ಣು ತುಂಬಿಸಿ ಕಟ್ಟಡ ಎಬ್ಬಿಸಿದ ಬೈಲು ಮರಳಿ ಬರುವುದಿಲ್ಲ. ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಕೃಷಿಕರದು: ಕೂಲಿಗೆ ಜನವಿಲ್ಲ, ಭತ್ತದಲ್ಲಿ ಲಾಭವಿಲ್ಲ, ಹಕ್ಕಿಗಾಗಿ ನಷ್ಟ ಹೊರಬೇಕೇ? ಖಂಡಿತ ಬೇಡ. ಬೈಲು ಮಳೆನೀರು ಹಿಡಿದು ಊರಿನ ಬಾವಿಗಳಿಗೆ ಒರತೆ ಕೊಡುತ್ತದೆ, ನೆರೆಯ ರಭಸ ತಗ್ಗಿಸುತ್ತದೆ. ಆ ಉಪಕಾರದ ಬೆಲೆಯನ್ನು ಊರೇ ಕೊಡಬೇಕು. 2021ರಲ್ಲಿ ಉಡುಪಿಯಲ್ಲಿ ಪಾಳುಬಿದ್ದ ಹಡಿಲು ಗದ್ದೆಗಳಲ್ಲಿ ಮತ್ತೆ ನಾಟಿಯಾದದ್ದು ಜನ ಕೈಜೋಡಿಸಿದ್ದರಿಂದಲೇ. ಬೆಂಬಲ ಸಿಕ್ಕರೆ ಬೇಸಾಯ ಮರಳುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಕ್ಕಿ ನೋಡುವವರ ಪಾಲಿನ ಕೆಲಸವೂ ಇದೆ. ಈ ಮಳೆಗಾಲದಲ್ಲಿ ನಿಮ್ಮೂರಿನ ಬೈಲಿನ ಹಕ್ಕಿಗಳನ್ನು ತಿಂಗಳು ತಿಂಗಳೂ ಪಟ್ಟಿ ಮಾಡಿ, ಹಕ್ಕಿ ದಾಖಲೆಯ ಜಾಲತಾಣ ಇ-ಬರ್ಡ್‌ಗೆ ಸೇರಿಸಿ, ಒಂದು ಪ್ರತಿಯನ್ನು ಗ್ರಾಮ ಪಂಚಾಯತ್‌ಗೆ ಕೊಡಿ. ಭೂಪರಿವರ್ತನೆಯ ಅರ್ಜಿ ಬಂದಾಗ ಆ ಪಟ್ಟಿ ಮೇಜಿನ ಮೇಲಿರಲಿ.